ಕಡಲಡಿಯ ಎಳೆ, ಗುಡ್ಡದ ಊರು

(ಪರಿಸರ ಅಧ್ಯಯನ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಂಡಿಸಿದ ಉಪನ್ಯಾಸದ ಲಿಖಿತ ರೂಪ)



2022ರ ಜನವರಿ 15ರಂದು ದಕ್ಷಿಣ ಪೆಸಿಫಿಕ್ ಸಾಗರದ ಟೋಂಗಾ ದ್ವೀಪರಾಷ್ಟ್ರದ ಬಳಿ ಕಡಲೊಳಗಿನ ಜ್ವಾಲಾಮುಖಿಯೊಂದು ಸಿಡಿಯಿತು. ಬೂದಿ ಆಕಾಶವನ್ನು ಮುಚ್ಚಿತು, ಸುನಾಮಿ ಅಲೆಗಳು ದಡವನ್ನು ಅಪ್ಪಳಿಸಿದವು, ಗೆಡ್ಡೆ-ಗೆಣಸಿನ ತೋಟಗಳ ಮೇಲೆ ಬೂದಿಯ ಪದರ ಕುಳಿತಿತು. ಅದೇ ಹೊತ್ತಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಅನಾಹುತವೂ ನಡೆದುಹೋಯಿತು. ಟೋಂಗಾವನ್ನು ಫಿಜಿಯ ಮೂಲಕ ಜಗತ್ತಿಗೆ ಜೋಡಿಸಿದ್ದ ಸಮುದ್ರದಡಿಯ ಒಂದೇ ಒಂದು ಕೇಬಲ್ ತುಂಡಾಯಿತು. ಸುಮಾರು ಒಂದು ಲಕ್ಷ ಜನರ ಒಂದು ದೇಶವೇ ಮೂಕವಾಯಿತು. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ದುಡಿಯುತ್ತಿದ್ದ ಮಕ್ಕಳಿಗೆ ಊರಿನ ತಂದೆತಾಯಿ ಬದುಕಿದ್ದಾರೋ ಇಲ್ಲವೋ ಎಂಬುದೇ ದಿನಗಟ್ಟಲೆ ತಿಳಿಯಲಿಲ್ಲ. ಹೊರದೇಶದ ದುಡಿಮೆಗಾರರು ಕಳುಹಿಸುವ ಹಣ ಆ ದೇಶದ ಒಟ್ಟು ಆಂತರಿಕ ಉತ್ಪನ್ನದ ಮೂರನೆಯ ಒಂದು ಭಾಗಕ್ಕೂ ಮಿಗಿಲು. ಸಂಪರ್ಕ ಕಡಿದಾಗ ಆ ಹಣದ ಹರಿವಿಗೂ ತಡೆ ಬಿದ್ದಿತು.

ಆ ಕೇಬಲ್ 2013ರಲ್ಲಿ ವಿಶ್ವಬ್ಯಾಂಕ್ ಮತ್ತು ಏಷ್ಯಾ ಅಭಿವೃದ್ಧಿ ಬ್ಯಾಂಕುಗಳ ನೆರವಿನಿಂದ ಬಂದದ್ದು. ಉದ್ದ 827 ಕಿಲೋಮೀಟರ್. ಕಡಿದ ಎಳೆಯನ್ನು ಹುಡುಕಿ, ಹತ್ತಾರು ಕಿಲೋಮೀಟರ್ ಹೊಸ ಕೇಬಲ್ ಸೇರಿಸಿ, ದುರಸ್ತಿ ಹಡಗು ಅದನ್ನು ಮತ್ತೆ ಜೋಡಿಸಿದ್ದು ಫೆಬ್ರವರಿ 22ರಂದು. ರಾಜಧಾನಿಯಿರುವ ದ್ವೀಪಕ್ಕೆ ಐದು ವಾರಗಳಲ್ಲಿ ಸಂಪರ್ಕ ಮರಳಿತು. ಹೊರಗಿನ ಚಿಕ್ಕ ದ್ವೀಪಗಳಿಗೆ ಹೋಗುವ ಒಳನಾಡಿನ ಕೇಬಲ್ ಸರಿಯಾಗಲು ಮಾತ್ರ 2023ರ ನಡುಭಾಗದವರೆಗೆ ಕಾಯಬೇಕಾಯಿತು.

ಈ ಕೊನೆಯ ಮಾತನ್ನು ಗುಡ್ಡದ ಊರಿನವರು ವಿಶೇಷವಾಗಿ ಗಮನಿಸಬೇಕು. ಒಂದೇ ಜ್ವಾಲಾಮುಖಿ, ಒಂದೇ ದಿನ. ಆದರೂ ಕೇಂದ್ರಕ್ಕೆ ಐದು ವಾರ, ಅಂಚಿಗೆ ಒಂದೂವರೆ ವರ್ಷ. ದೂರದ ಊರುಗಳ ಆರ್ಥಿಕ ಏಳಿಗೆ ಮತ್ತು ಕಡಲಡಿಯ ಕೇಬಲ್‌ಗಳ ನಡುವಣ ನಂಟನ್ನು ಅರಿಯಲು ಇದಕ್ಕಿಂತ ಒಳ್ಳೆಯ ಆರಂಭ ಬೇರೆ ಇರಲಾರದು.

ಒಂದು ಮರದ ಕಥೆ

ಸಮುದ್ರದಡಿ ಸಂದೇಶ ಕಳುಹಿಸುವ ಸಾಹಸ ಹೊಸದಲ್ಲ. 1858ರಲ್ಲಿ ಅಟ್ಲಾಂಟಿಕ್ ಸಾಗರದ ಆಚೀಚೆಗೆ ಮೊದಲ ತಂತಿ ಎಳೆದರು. ಅದು ಕೆಲವೇ ವಾರಗಳಲ್ಲಿ ಸತ್ತುಹೋಯಿತು. 1866ರ ತಂತಿ ಬಾಳಿತು. 1870ರಲ್ಲಿ ಮುಂಬಯಿಯೂ ಏಡನ್, ಸೂಯೆಜ್ ದಾರಿಯಾಗಿ ಇಂಗ್ಲೆಂಡಿನೊಡನೆ ಕಡಲಡಿಯ ತಂತಿಯಿಂದ ಜೋಡಣೆಯಾಯಿತು.

ತಾಮ್ರದ ತಂತಿಗೆ ಉಪ್ಪುನೀರು ತಾಗದಂತೆ ಹೊದಿಕೆ ಬೇಕಿತ್ತು. ರಬ್ಬರು ಕಡಲಿನಲ್ಲಿ ಬಾಳುತ್ತಿರಲಿಲ್ಲ. ಆಗ ದೊರೆತದ್ದು ಗಟ್ಟಾಪರ್ಚ. ಇದು ಮಲಯ, ಸುಮಾತ್ರಾ, ಬೋರ್ನಿಯೊ ಕಾಡುಗಳ ‘ಪಲಾಕ್ವಿಯಂ ಗಟ್ಟಾ’ ಎಂಬ ಮರದ ಹಾಲು. ರಬ್ಬರಿನ ಮರದಂತೆ ತೊಗಟೆ ಕೀಸಿ ನಿತ್ಯವೂ ಹಾಲಿಳಿಸುವುದು ಇಲ್ಲಿ ಸಾಧ್ಯವಿರಲಿಲ್ಲ. ಇಡೀ ಮರವನ್ನು ಉರುಳಿಸಿ, ತೊಗಟೆಗೆ ಉಂಗುರ ಕೊರೆದು ಹಾಲು ಹಿಡಿಯುತ್ತಿದ್ದರು. ಹೀಗೆ ಒಂದು ಬೆಳೆದ ಮರದಿಂದ ಸಿಗುತ್ತಿದ್ದುದು ಕೆಲವು ನೂರು ಗ್ರಾಂ ಮಾತ್ರ. ಸಾವಿರಾರು ಕಿಲೋಮೀಟರ್ ತಂತಿಗೆ ಎಷ್ಟು ಕಾಡು ಬಲಿಯಾಗಿರಬಹುದೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಸಿಂಗಪುರದ ಸುತ್ತಮುತ್ತ ಆ ಮರ ಹೆಚ್ಚುಕಡಿಮೆ ಕಣ್ಮರೆಯಾಗಿತ್ತು. ಲಂಡನ್ನಿನ ವ್ಯಾಪಾರಿಗೆ ಕೋಲ್ಕತ್ತದ ಧಾರಣೆ ನಿಮಿಷಗಳಲ್ಲಿ ತಿಳಿಯುವಂತಾಯಿತು. ಮರವನ್ನು ಬೆಳೆಸಿದ ಕಾಡಿಗಾಗಲಿ, ಅದನ್ನು ಕಡಿದು ಹಾಲು ತಂದ ಕಾಡಿನ ಜನರಿಗಾಗಲಿ ಆ ತಂತಿಯಿಂದ ಬಂದ ಸುದ್ದಿ ಒಂದೂ ಇಲ್ಲ.

ಆ ಮರದ ಸೋದರ ಸಂಬಂಧಿ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿದೆ. ಅದೇ ಹಡಸಲೆ, ‘ಪಲಾಕ್ವಿಯಂ ಎಲಿಪ್ಟಿಕಂ’. ಬಕುಳ, ಹಿಪ್ಪೆ, ಚಿಕ್ಕು ಎಲ್ಲವೂ ಅದೇ ಕುಟುಂಬದವು. 1930ರ ದಶಕದಲ್ಲಿ ಪಾಲಿಥಿನ್ ಕಂಡುಹಿಡಿದ ಮೇಲೆ ಗಟ್ಟಾಪರ್ಚದ ಬೇಡಿಕೆ ಕುಸಿಯಿತು. ಸಂಪರ್ಕವೆಂಬುದು ಗಾಳಿಯಲ್ಲಿ ತೇಲಿ ಬರುವ ವರವಲ್ಲ, ಅದಕ್ಕೂ ನೆಲ, ನೀರು, ಕಾಡುಗಳ ಬೆಲೆಯಿದೆ ಎಂಬುದನ್ನು ಮರೆಯದಿರಲು ಹಡಸಲೆಯ ನೆನಪು ಸಾಕು.

ಗಾಜಿನ ಎಳೆಯ ಕೆಲಸ

ಇಂದಿನ ಕೇಬಲ್‌ನೊಳಗೆ ಹರಿಯುವುದು ಬೆಳಕು. ಕೂದಲೆಳೆಯಷ್ಟು ತೆಳುವಾದ ಅತಿಶುದ್ಧ ಗಾಜಿನ ತಂತುಗಳಲ್ಲಿ ಬೆಳಕಿನ ಮಿಣುಕುಗಳಾಗಿ ಮಾತು, ಚಿತ್ರ, ಲೆಕ್ಕಪತ್ರಗಳು ಸಾಗುತ್ತವೆ. ಗಾಜಿನಲ್ಲಿ ಹೀಗೆ ದೂರಸಂಪರ್ಕ ಸಾಧ್ಯವೆಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವ್ ಅವರಿಗೆ 2009ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. 1988ರಲ್ಲಿ ಅಟ್ಲಾಂಟಿಕ್ ಅಡಿಯಲ್ಲಿ ಗಾಜಿನೆಳೆಯ ಮೊದಲ ಕೇಬಲ್ ಕೆಲಸ ಆರಂಭಿಸಿತು. ಆಳಸಮುದ್ರದಲ್ಲಿ ಈ ಕೇಬಲ್‌ನ ದಪ್ಪ ತೋಟಕ್ಕೆ ನೀರು ಬಿಡುವ ಸಣ್ಣ ಪೈಪಿನಷ್ಟು. ದಡದ ಬಳಿ ಹಡಗಿನ ಲಂಗರು, ಮೀನಿನ ಬಲೆಗಳ ಭಯವಿರುವುದರಿಂದ ಉಕ್ಕಿನ ಕವಚ ತೊಡಿಸಿ ತಳದ ಮರಳಿನಲ್ಲಿ ಹೂಳುತ್ತಾರೆ. ದೂರ ಸಾಗಿದಂತೆ ಬೆಳಕು ಮಂಕಾಗುವುದರಿಂದ ಉದ್ದನೆಯ ಕೇಬಲ್‌ಗಳಲ್ಲಿ ಸುಮಾರು 60ರಿಂದ 100 ಕಿಲೋಮೀಟರಿಗೊಂದರಂತೆ ಅದಕ್ಕೆ ಮತ್ತೆ ಬಲ ತುಂಬುವ ಉಪಕರಣಗಳಿರುತ್ತವೆ. ಅವಕ್ಕೆ ವಿದ್ಯುತ್ತು ದಡದಿಂದಲೇ ಹೋಗಬೇಕು.

ಅಂತರ್ಜಾಲವೆಂದರೆ ಉಪಗ್ರಹ ಎಂಬ ಕಲ್ಪನೆ ಅನೇಕರಲ್ಲಿದೆ. ವಾಸ್ತವವಾಗಿ ಖಂಡದಿಂದ ಖಂಡಕ್ಕೆ ಸಾಗುವ ಮಾಹಿತಿಯಲ್ಲಿ ಶೇ. 95ಕ್ಕೂ ಹೆಚ್ಚು ಸಾಗುವುದು ಕಡಲಡಿಯಲ್ಲೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2023ರಲ್ಲಿ ಹೇಳಿದಂತೆ ಭಾರತಕ್ಕೆ ಬರುವ 17 ಅಂತರರಾಷ್ಟ್ರೀಯ ಕೇಬಲ್‌ಗಳು ಮುಂಬಯಿ, ಚೆನ್ನೈ, ಕೊಚ್ಚಿ, ತೂತುಕುಡಿ, ತಿರುವನಂತಪುರಗಳಲ್ಲಿ ದಡ ಹತ್ತುತ್ತಿದ್ದವು. ಬೆಂಗಳೂರಿನ ಕಂಪ್ಯೂಟರ್ ಉದ್ಯಮದ ಬೇರು ಹೀಗೆ ಬೇರೆ ರಾಜ್ಯಗಳ ಕಡಲ ತಡಿಯಲ್ಲಿದೆ.

ಮಂಗಳೂರಿನ ಹಗ್ಗದ ಉಗ್ರಾಣ

ಭಾರತದ ದ್ವೀಪಗಳತ್ತ ಬರೋಣ. ಚೆನ್ನೈಯಿಂದ ಅಂಡಮಾನ್-ನಿಕೋಬಾರ್ ದ್ವೀಪಗಳಿಗೆ ಸುಮಾರು 2,300 ಕಿಲೋಮೀಟರಿನ ಕೇಬಲ್ 2020ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಕೊಚ್ಚಿಯಿಂದ ಲಕ್ಷದ್ವೀಪದ 11 ದ್ವೀಪಗಳಿಗೆ ಹೋಗುವ ಕೇಬಲ್ 2024ರ ಜನವರಿ 3ರಂದು ಉದ್ಘಾಟನೆಯಾಯಿತು. ಎರಡಕ್ಕೂ ತಲಾ ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಸಾರ್ವಜನಿಕ ಹಣ ವೆಚ್ಚವಾಗಿದೆ. ಲಕ್ಷದ್ವೀಪದ ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 64,473. ಮಾರುಕಟ್ಟೆಯ ಲೆಕ್ಕವೊಂದನ್ನೇ ಹಿಡಿದಿದ್ದರೆ ಅಲ್ಲಿಗೆ ಯಾವ ಕಂಪನಿಯೂ ಕೇಬಲ್ ಎಳೆಯುತ್ತಿರಲಿಲ್ಲ. ಅದುವರೆಗೆ ಇಡೀ ದ್ವೀಪಸಮೂಹ ಉಪಗ್ರಹದ ಮೂಲಕ ಸೆಕೆಂಡಿಗೆ 1.7 ಗಿಗಾಬಿಟ್ ಮಾಹಿತಿಯನ್ನು ಹಂಚಿಕೊಳ್ಳುತ್ತಿತ್ತು. ಕೇಬಲ್ ಬಂದ ಮೇಲೆ ಆ ಸಾಮರ್ಥ್ಯ 200 ಗಿಗಾಬಿಟ್‌ಗೆ ಏರಿತು.

ಈ ದ್ವೀಪಗಳಿಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಉತ್ತರದ ದ್ವೀಪಗಳು ಟಿಪ್ಪು ಸುಲ್ತಾನನ ಆಳ್ವಿಕೆಗೆ ಸೇರಿದ್ದವು. 1799ರ ನಂತರ ಬ್ರಿಟಿಷರ ವಶವಾಗಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದ ಆಳಲ್ಪಟ್ಟವು. ಹವಳದ ಪುಡಿಯೇ ಮಣ್ಣಾಗಿರುವ, ನದಿಯೇ ಇಲ್ಲದ ಆ ನೆಲದಲ್ಲಿ ತೆಂಗೊಂದೇ ಮುಖ್ಯ ಬೆಳೆ. ಸಿಪ್ಪೆಯನ್ನು ನೆನೆಹಾಕಿ, ಬಡಿದು, ಹೆಂಗಸರು ಕೈಯಲ್ಲಿ ಹೊಸೆದ ಹುರಿಯನ್ನು ಗಂಡಸರು ‘ಓಡಂ’ ಎಂಬ ಹಾಯಿದೋಣಿಗಳಲ್ಲಿ ಮಂಗಳೂರಿಗೆ ತರುತ್ತಿದ್ದರು. ಆದರೆ ತಂದ ಹುರಿಯನ್ನು ಸಿಕ್ಕವರಿಗೆ ಮಾರುವಂತಿರಲಿಲ್ಲ. ಅದು ಸರ್ಕಾರದ ಏಕಸ್ವಾಮ್ಯ. ಸರ್ಕಾರಿ ಉಗ್ರಾಣಕ್ಕೆ ಒಪ್ಪಿಸಿ, ಸರ್ಕಾರ ಗೊತ್ತುಪಡಿಸಿದ ದರದಲ್ಲಿ ಅಕ್ಕಿಯನ್ನೋ ಹಣವನ್ನೋ ಪಡೆದು ಹಿಂದಿರುಗಬೇಕಿತ್ತು.

ಇಲ್ಲಿ ಒಂದು ಪಾಠವಿದೆ. ದ್ವೀಪದವನು ಮಂಗಳೂರಿನ ಬಂದರಿನಲ್ಲೇ ನಿಂತಿದ್ದ. ಪೇಟೆಯ ಧಾರಣೆ ಅವನ ಕಿವಿಗೆ ಬೀಳುತ್ತಿತ್ತು. ಬೆಲೆ ತಿಳಿಯದೆ ಅವನು ಕೆಡಲಿಲ್ಲ. ತಿಳಿದ ಬೆಲೆಗೆ ಮಾರುವ ಹಕ್ಕಿಲ್ಲದೆ ಕೆಟ್ಟ. ಕೇಬಲ್ ತರುವುದು ತಿಳಿವಳಿಕೆಯನ್ನು. ಹಕ್ಕನ್ನು ತರುವುದು ಕಾನೂನು, ಸಂಘಟನೆ, ಸಹಕಾರ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದು ಅನುಭವದ ಮಾತು. ಶಿರಸಿಯ ತೋಟಗಾರ್ಸ್ ಸೊಸೈಟಿ 1923ರಲ್ಲಿ, ಶಿವಮೊಗ್ಗದ ಮ್ಯಾಮ್ಕೋಸ್ 1939ರಲ್ಲಿ, ಮಂಗಳೂರಿನ ಕ್ಯಾಂಪ್ಕೋ 1973ರಲ್ಲಿ ಹುಟ್ಟಿದಾಗ ಬೆಳೆಗಾರನ ಕೈಯಲ್ಲಿ ಮೊಬೈಲ್ ಇರಲಿಲ್ಲ. ದಲ್ಲಾಳಿಯ ಮುಂದೆ ಒಂಟಿಯಾಗಿ ನಿಲ್ಲುವ ಬದಲು ಒಟ್ಟಾಗಿ ನಿಲ್ಲುವ ಬುದ್ಧಿ ಇತ್ತು.

ಲಾಭ ನಿಜ, ಆದರೆ ಯಾರಿಗೆ?

ಹಾಗೆಂದು ಸಂಪರ್ಕದ ಲಾಭವನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಕೇರಳದ ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳ ಮೀನು ಮಾರುವ ದಡಗಳನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. 1997ಕ್ಕೆ ಮೊದಲು ಒಂದು ದಡದಲ್ಲಿ ಬೂತಾಯಿ ಕೊಳ್ಳುವವರಿಲ್ಲದೆ ಕಡಲಿಗೆ ಚೆಲ್ಲುತ್ತಿದ್ದರೆ, ಕೆಲವೇ ಮೈಲಿ ಆಚೆಯ ದಡದಲ್ಲಿ ಮೀನಿಗಾಗಿ ಜನ ಕಾಯುತ್ತಿದ್ದರು. ಹಿಡಿದ ಮೀನಿನಲ್ಲಿ ಶೇ. 5ರಿಂದ 8ರಷ್ಟು ಹೀಗೆ ಹಾಳಾಗುತ್ತಿತ್ತು. ಮೊಬೈಲ್ ಬಂದ ಮೇಲೆ ದೋಣಿಯಲ್ಲಿ ಕುಳಿತೇ ಯಾವ ದಡಕ್ಕೆ ಹೋಗಬೇಕೆಂದು ತೀರ್ಮಾನಿಸುವುದು ಸಾಧ್ಯವಾಯಿತು. ಹಾಳಾಗುವುದು ಬಹುತೇಕ ನಿಂತಿತು. ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು. ಒಂದು ಹೆಚ್ಚುವರಿ ಮೀನನ್ನೂ ಹಿಡಿಯದೆ ಆದ ಲಾಭವಿದು. ಪರಿಸರವಾದಿಗಳು ಸ್ವಾಗತಿಸಬೇಕಾದ ಅಭಿವೃದ್ಧಿಯಿದ್ದರೆ ಇಂಥದ್ದೇ.

ಆಫ್ರಿಕದ ಪೂರ್ವ ಕರಾವಳಿಗೆ 2009ರಲ್ಲಿ ಮೊದಲ ಗಾಜಿನೆಳೆಯ ದೊಡ್ಡ ಕೇಬಲ್‌ಗಳು ಬಂದವು. ಆ ಖಂಡಕ್ಕೆ ಬಂದ ಕೇಬಲ್‌ಗಳ ಪರಿಣಾಮವನ್ನು ಹ್ಯೋರ್ಟ್ ಮತ್ತು ಪೌಲ್ಸನ್ ಎಂಬ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ವೇಗದ ಅಂತರ್ಜಾಲ ದೊರೆತ ಸ್ಥಳಗಳಲ್ಲಿ ಉದ್ಯೋಗದ ಪ್ರಮಾಣ ಬೇರೆಬೇರೆ ಸಮೀಕ್ಷೆಗಳ ಪ್ರಕಾರ ಶೇ. 3.1ರಿಂದ 13.2ರವರೆಗೆ ಹೆಚ್ಚಿತ್ತು. ಕಡಿಮೆ ಓದಿದವರಿಗೂ ಪಾಲು ಸಿಕ್ಕಿತ್ತು. ಆದರೆ ಅವರ ಅಧ್ಯಯನದ ವಿಧಾನದಲ್ಲೇ ಒಂದು ಸತ್ಯ ಅಡಗಿದೆ. ಕಡಲ ಕೇಬಲ್ ಬಂದಾಗ ವೇಗ ಸಿಕ್ಕಿದ್ದು ಅದಾಗಲೇ ನೆಲದ ಮೇಲಿನ ಮುಖ್ಯಜಾಲಕ್ಕೆ ಜೋಡಣೆಯಾಗಿದ್ದ ಸ್ಥಳಗಳಿಗೆ. ಜಾಲದಿಂದ ದೂರವಿದ್ದ ಹಳ್ಳಿಗೆ ಕೇಬಲ್ ಬಂದದ್ದೂ ಒಂದೇ, ಬಾರದಿದ್ದದ್ದೂ ಒಂದೇ. ಹೊಳೆಯ ನೀರು ತಾನಾಗಿ ಗುಡ್ಡ ಹತ್ತುವುದಿಲ್ಲ. ಕಡಲ ಕೇಬಲ್ಲೂ ಹಾಗೆಯೇ.

ಇನ್ನೊಂದು ಉದಾಹರಣೆ ಗ್ರೇಟ್ ನಿಕೋಬಾರ್ ದ್ವೀಪ. 2004ರ ಡಿಸೆಂಬರ್ 26ರ ಸುನಾಮಿ ನಿಕೋಬಾರ್ ದ್ವೀಪಗಳನ್ನು ನುಂಗಿದಾಗ ಸಂಪರ್ಕವಿಲ್ಲದೆ ಜನ ಪಟ್ಟ ಪಾಡನ್ನು ನೆನೆದರೆ, 2020ರಲ್ಲಿ ಬಂದ ಕೇಬಲ್ ಅಲ್ಲಿನವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದೇ. ಎರಡು ವರ್ಷಗಳ ನಂತರ, 2022ರಲ್ಲಿ, ಅದೇ ದ್ವೀಪದ ಸುಮಾರು 130 ಚದರ ಕಿಲೋಮೀಟರ್ ಅರಣ್ಯವನ್ನು ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ನಗರಗಳಿಗೆ ಕೊಡಲು ಅನುಮತಿ ದೊರೆಯಿತು. ಅದು ಶೋಂಪೆನ್ನರ ಮತ್ತು ನಿಕೋಬಾರಿಗಳ ನೆಲ. ಅಲ್ಲಿನ ಗಲಾಥಿಯ ಕೊಲ್ಲಿ ತೊಗಲುಬೆನ್ನಿನ ದೈತ್ಯ ಕಡಲಾಮೆ ಮೊಟ್ಟೆಯಿಡುವ ತಾಣ. ಕೇಬಲ್ಲೇ ಈ ಯೋಜನೆಯನ್ನು ತಂದಿತೆಂದು ಹೇಳಲಾಗದು. ಆದರೆ ದೂರದ ಊರಿಗೆ ದಾರಿಯಾದಾಗ ಆ ದಾರಿಯಲ್ಲಿ ಊರವರ ಸರಕು ಹೊರಗೆ ಹೋಗುವುದಕ್ಕೆ ಮೊದಲು ಹೊರಗಿನವರ ಯೋಜನೆ ಒಳಗೆ ಬರಬಹುದೆಂಬ ಎಚ್ಚರ ಇರಬೇಕು.

ಅಗಲಕ್ಕಿಂತ ಮುಖ್ಯ, ಕಡಿಯದಿರುವುದು

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 150ರಿಂದ 200 ಬಾರಿ ಕಡಲ ಕೇಬಲ್‌ಗಳು ಕೆಡುತ್ತವೆ. ಬಹುಪಾಲಿಗೆ ಕಾರಣ ಮೀನುಗಾರಿಕೆಯ ಬಲೆ ಮತ್ತು ಹಡಗಿನ ಲಂಗರು. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಎರಡು ಕೇಬಲ್‌ಗಳು ತುಂಡಾದಾಗ ಭಾರತದ ಹೊರಸಂಪರ್ಕದ ಸಾಮರ್ಥ್ಯ ಅರ್ಧದಷ್ಟು ಕುಗ್ಗಿತು. ಬೆಂಗಳೂರು ತಡವರಿಸಿತು, ಆದರೆ ನಿಲ್ಲಲಿಲ್ಲ. ಅದಕ್ಕೆ ಬೇರೆ ದಾರಿಗಳಿದ್ದವು. ಟೋಂಗಾಕ್ಕೆ ಇದ್ದದ್ದು ಒಂದೇ ದಾರಿ. 2019ರಲ್ಲೂ ಅದೇ ಕೇಬಲ್ ಕಡಿದು ಸುಮಾರು ಎರಡು ವಾರ ಆ ದೇಶ ಕತ್ತಲಲ್ಲಿ ಕುಳಿತಿತ್ತು. 2022ರಲ್ಲಿ ಕೆಲವು ದಿನಗಳ ಬಳಿಕ ಅಷ್ಟಿಷ್ಟು ಹೊರದೇಶದ ಕರೆ ಸಾಧ್ಯವಾದದ್ದು ವಿಶ್ವವಿದ್ಯಾಲಯವೊಂದರ ಉಪಗ್ರಹ ಬುಟ್ಟಿಯ ನೆರವಿನಿಂದ. ಚಿಕ್ಕದಾದರೂ ಎರಡನೆಯ ದಾರಿಯೊಂದು ಇದ್ದದ್ದು ಉಪಕಾರಕ್ಕೆ ಬಂತು.

ಕೃಷಿಯ ದೃಷ್ಟಿಯಿಂದ ಇದನ್ನು ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಆಷಾಢದ ಜಡಿಮಳೆಯ ನಡುವೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಬೆಳೆಗಾರನಿಗೆ ಬೇಕಾದದ್ದು ಒಂದೆರಡು ದಿನಗಳ ಹೊಳವಿನ ಮುನ್ಸೂಚನೆ. ಅದು ನಾಲ್ಕು ಸಾಲಿನ ಸಂದೇಶ. ಭತ್ತದ ಧಾರಣೆ, ಎಲೆಚುಕ್ಕೆ ರೋಗದ ಎಚ್ಚರಿಕೆ, ಮಂಗನ ಕಾಯಿಲೆಯ ಶಂಕೆಯಿರುವ ರೋಗಿಯ ರಕ್ತಪರೀಕ್ಷೆಯ ಫಲಿತಾಂಶ, ಹೊಳೆ ಉಕ್ಕುವ ಸುದ್ದಿ — ಬದುಕಿಗೆ ಅತ್ಯಗತ್ಯವಾದ ಮಾಹಿತಿಯೆಲ್ಲ ತೂಕದಲ್ಲಿ ಹಗುರ. ಅದಕ್ಕೆ ನೂರಾರು ಗಿಗಾಬಿಟ್ ಬೇಡ. ಆದರೆ ಬೇಕಾದ ದಿನ ಅದು ಬಂದೇ ತೀರಬೇಕು. ಬೇಸಿಗೆಯಲ್ಲಿ ಚಲನಚಿತ್ರ ತೋರಿಸುವ ಸಂಪರ್ಕ, ಗಾಳಿಮಳೆಗೆ ಕರೆಂಟು ಹೋದೊಡನೆ ಟವರಿನೊಂದಿಗೆ ಸಾಯುವುದಾದರೆ, ಅದನ್ನು ಗುಡ್ಡದ ಊರಿನ ಅಭಿವೃದ್ಧಿ ಎನ್ನಲಾಗದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಊರುಗಳು ಮಣ್ಣಿನಡಿ ಸೇರಿದಾಗ, ಪ್ರತಿಯೊಂದು ನಿಮಿಷಕ್ಕೂ ಪ್ರಾಣದ ಬೆಲೆಯಿತ್ತು.

ಗ್ರಾಮಸಭೆ ಕೇಳಬೇಕಾದ ಪ್ರಶ್ನೆಗಳು

ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆ ಮುಟ್ಟಿಸುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆತು, ಅದು ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಕಡಲಿನಿಂದ ಬಂದ ಬೆಳಕು ಪಂಚಾಯಿತಿ ಕಚೇರಿಯ ಬೀರುವಿನಲ್ಲಿ ನಿಲ್ಲಬೇಕೋ, ಕೊನೆಯ ಮನೆಯನ್ನು ಮುಟ್ಟಬೇಕೋ ಎಂಬುದು ಊರವರು ಕೇಳುವ ಪ್ರಶ್ನೆಗಳನ್ನು ಅವಲಂಬಿಸಿದೆ.

ಮೊದಲನೆಯದು, ಎರಡನೆಯ ದಾರಿ ಇದೆಯೇ? ಒಂದೇ ರಸ್ತೆಯ ಅಂಚಿನಲ್ಲಿ ಬಂದ ಎಳೆ ಆ ರಸ್ತೆ ಕುಸಿದ ದಿನವೇ ಕಡಿಯುತ್ತದೆ. ಮಳೆಗಾಲದ ನಾಲ್ಕು ತಿಂಗಳಿಗಾದರೂ ಹ್ಯಾಮ್ ರೇಡಿಯೊ, ಉಪಗ್ರಹದಂತಹ ಬದಲಿ ವ್ಯವಸ್ಥೆ ತಾಲ್ಲೂಕಿನ ಮಟ್ಟದಲ್ಲಿ ಇರಬೇಕು.

ಎರಡನೆಯದು, ಟವರಿಗೆ ವಿದ್ಯುತ್ತು ಎಲ್ಲಿಂದ? ಮಳೆಗಾಲದ ಮಂಕು ಬಿಸಿಲಿನಲ್ಲಿ ಸೌರಫಲಕವೊಂದೇ ಸಾಲದು. ಬ್ಯಾಟರಿ ಎಷ್ಟು ಗಂಟೆ ಬಾಳುತ್ತದೆ, ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲೇ ಬರೆಸಿಕೊಳ್ಳಬೇಕು.

ಮೂರನೆಯದು, ಅಗೆತ ಎಲ್ಲಿ, ಯಾವಾಗ? ಗುಡ್ಡದ ರಸ್ತೆಯ ಬದಿಯಲ್ಲಿ ಮೇ ತಿಂಗಳ ಕೊನೆಗೆ ಅಗೆದು, ಸರಿಯಾಗಿ ಮುಚ್ಚದೆ ಬಿಟ್ಟ ಕಾಲುವೆ ಜೂನಿನಲ್ಲಿ ಧರೆ ಕುಸಿಯಲು ಹಾದಿಯಾಗುತ್ತದೆ. ದೀಪಾವಳಿಯ ನಂತರ ಅಗೆದು, ಯುಗಾದಿಯೊಳಗೆ ಮುಚ್ಚಿ, ಹುಲ್ಲು ಹಿಡಿಸುವುದು ಗುತ್ತಿಗೆಯ ಷರತ್ತಾಗಬೇಕು.

ನಾಲ್ಕನೆಯದು, ಕಾಡಿನೊಳಗಿನ ಹಾಡಿಗಳಿಗೆ ಏಕಿಲ್ಲ? ‘ಅರಣ್ಯ ಕಾಯ್ದೆ ಅಡ್ಡಿ’ ಎಂಬ ಉತ್ತರ ಸಾಮಾನ್ಯ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಸೆಕ್ಷನ್ ಶಾಲೆ, ಔಷಧಾಲಯ, ಕುಡಿಯುವ ನೀರುಗಳ ಜೊತೆಗೆ ವಿದ್ಯುತ್ ಮತ್ತು ದೂರಸಂಪರ್ಕ ತಂತಿಗಳನ್ನೂ ಹೆಸರಿಸಿದೆ. ಒಂದೊಂದು ಕಾಮಗಾರಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚಿಲ್ಲದಷ್ಟು ಮರ ಎಂಬ ಮಿತಿಯೊಳಗೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಅನುಮತಿ ನೀಡಬಹುದು. ಕಾಡನ್ನೂ ಉಳಿಸುವ, ಕಾಡಿನ ಮಗುವಿನ ಓದನ್ನೂ ಉಳಿಸುವ ದಾರಿ ಕಾನೂನಿನಲ್ಲೇ ಇದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಕೊಡೆಯಡಿ ಕುಳಿತು ಪಾಠ ಕೇಳಿದ ಮಲೆನಾಡಿನ ಮಕ್ಕಳನ್ನು ನೆನೆದವರು ಈ ಸೆಕ್ಷನ್ನನ್ನು ಮರೆಯಬಾರದು.

ಐದನೆಯದು, ಈ ಎಳೆಯಲ್ಲಿ ಊರಿನಿಂದ ಹೊರಗೆ ಹೋಗುವುದೇನು? ಬರುವುದು ಬರೀ ಜಾಹೀರಾತಾಗಿ, ಹೋಗುವುದು ಬರೀ ಹಣವಾದರೆ ಅದು ಹೊಸ ಹಗ್ಗದ ಉಗ್ರಾಣ. ಸಹಕಾರ ಸಂಘದ ದಾಸ್ತಾನಿನ ವಿವರ, ಊರಿನ ಮಳೆಯ ಅಳತೆ, ಕಾಡುತ್ಪತ್ತಿಯ ಧಾರಣೆ, ರೋಗದ ಮೊದಲ ಲಕ್ಷಣ ಕಂಡ ತೋಟದ ಫೋಟೊ ಇವೆಲ್ಲ ಊರಿನಿಂದ ಹೊರಡಬೇಕಾದ ಮಾಹಿತಿ. ಇದನ್ನು ಕನ್ನಡದಲ್ಲಿ ಬರೆದಿಡುವ ಕೆಲಸಕ್ಕೆ ಕಾಲೇಜು ವಿದ್ಯಾರ್ಥಿಗಳಿಗಿಂತ ತಕ್ಕವರು ಬೇರಿಲ್ಲ.

ಸಂಪರ್ಕವನ್ನು ಕಣ್ಣುಮುಚ್ಚಿ ಬರಮಾಡಿಕೊಳ್ಳುವುದೂ ಬೇಡ, ಕಾಡಿನ ಹೆಸರಿನಲ್ಲಿ ಬೇಡವೆನ್ನುವುದೂ ಬೇಡ. ಕೇಬಲ್ ಹೂಳಿದ್ದರಿಂದ ಲಕ್ಷದ್ವೀಪದ ಹವಳಕ್ಕೆ ಆಗುವ ಗಾಯ ಇಕ್ಕಟ್ಟಾದ ಒಂದು ಪಟ್ಟಿಯಷ್ಟು. 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಅದೇ ಹವಳ ಬಿಳಿಚಿಕೊಂಡದ್ದು ಕಡಲು ಕಾದದ್ದರಿಂದ. ಆ ಸುದ್ದಿಯನ್ನು ಜಗತ್ತಿಗೆ ಕೂಗಿ ಹೇಳಲು ದ್ವೀಪದ ಯುವಕರ ಬಳಿ ಈಗ ಆ ಕೇಬಲ್ ಇದೆ. ಗುಡ್ಡದ ಊರಿನವರೂ ತಮ್ಮ ಕಾಡಿನ, ತಮ್ಮ ಹೊಳೆಯ, ತಮ್ಮ ಬೆಳೆಯ ಸುದ್ದಿಯನ್ನು ತಾವೇ ಹೇಳುವಂತಾಗಬೇಕು. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ಐದು ಪ್ರಶ್ನೆಗಳು ಸೇರಿದರೆ, ಈ ಉಪನ್ಯಾಸದ ಉದ್ದೇಶ ಈಡೇರಿದಂತೆ.